ದಿನಕ್ಕೊಂದು ಪಟ

ವಿಜಯದಶಮಿಯ ದಿನ ಮಗಳು ತನ್ನ ಹಳೆಯ ಮೊಬೈಲನ್ನು ನನ್ನ ಕೈಗಿತ್ತು, "ಅಪ್ಪ, ದಿನಕ್ಕೊಂದು ಫೋಟೊ ತೆಗೆದು ಕಳುಹಿಸಿ. ಮೈಸೂರಿನದೇ ಆಗಿರಬೇಕು, ಅಂದಿನದು ಅಂದೇ ಆಗಿರಬೇಕು" ಎಂದಳು. ನಿವೃತ್ತನಾದವನಿಗೆ ಯಾರಾದರೂ ಕೆಲಸ ಹೇಳುವುದೇ ಅಪರೂಪ. ಒಪ್ಪಿಕೊಂಡೆ.

ಮೊದಲ ಹತ್ತು ದಿನ ಊರೇ ನನ್ನ ಪರವಾಗಿ ಕೆಲಸ ಮಾಡಿತು. ಫಿಲೋಮಿನಾ ಚರ್ಚಿನ ಜೋಡಿ ಗೋಪುರ, ಬೆಟ್ಟದ ನಂದಿ, ಲಲಿತ ಮಹಲ್, ಜಗನ್ಮೋಹನ ಅರಮನೆ. ಎತ್ತ ಮೊಬೈಲ್ ಹಿಡಿದರೂ ಕ್ಯಾಲೆಂಡರಿನ ಒಂದು ಹಾಳೆ. ಭಾನುವಾರ ಸಂಜೆ ದೊಡ್ಡ ಅರಮನೆಗೆ ಹೋದೆ. ಮರದ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ ಈ ಕಟ್ಟಡ ಮುಗಿದದ್ದು 1912ರಲ್ಲಿ. ಅಂದಿನಿಂದ ಇಂದಿನವರೆಗೆ ಅದರ ಪಟ ತೆಗೆಯದೆ ಉಳಿದವನು ನಾನೊಬ್ಬನೇ ಇದ್ದಿರಬೇಕು. ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಲೇ ಹೊತ್ತಿಕೊಂಡವು. ನನಗೆ ಸಿಕ್ಕಿದ್ದು ಮುಂದೆ ನಿಂತವರ ಎತ್ತಿದ ಕೈಗಳು ಮತ್ತು ಅವರ ಮೊಬೈಲುಗಳಲ್ಲಿ ಹೊಳೆಯುತ್ತಿದ್ದ ನಲವತ್ತು ಪುಟ್ಟ ಅರಮನೆಗಳು. ಅವುಗಳಲ್ಲಿ ಯಾವುದನ್ನು ನೋಡಿದರೂ ನನ್ನದಕ್ಕಿಂತ ಚೆನ್ನಾಗಿತ್ತು.

ಹನ್ನೊಂದನೆಯ ದಿನ ಬಂಡವಾಳ ಮುಗಿಯಿತು. "ಅರಮನೆಗಳೆಲ್ಲ ಆದವಲ್ಲ, ಇನ್ನು ತರಕಾರಿಯನ್ನಾದರೂ ತನ್ನಿ" ಎಂದು ನನ್ನವಳು ಚೀಲ ಕೊಟ್ಟಳು.

ದೇವರಾಜ ಮಾರುಕಟ್ಟೆಯಲ್ಲಿ ಗೋಪುರದಂತೆ ಪೇರಿಸಿದ ಕುಂಕುಮದ ರಾಶಿಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಲ್ಲಿಗೆ ಅಳೆಯುವ ಕೈ. ಮೊಣಕೈಯಿಂದ ಬೆರಳ ತುದಿಗೆ ದಂಡೆ ಹಾಯಿಸಿ ಮೊಳ ಎಣಿಸುವ ವೇಗಕ್ಕೆ ಮೊಬೈಲಿನ ಕಣ್ಣು ಸಾಲದು. ಪಟದಲ್ಲಿ ಕೈ ಮಂಜಾಗಿ, ಹೂವು ಮಾತ್ರ ಸ್ಪಷ್ಟವಾಗಿ ಬಂದಿತ್ತು. ಆಮೇಲೆ ಎರಡು ಬಾರಿ ಅದೇ ಅಂಗಡಿಯ ಪಟ ತೆಗೆದೆ, ಒಂದು ಸಾಧಾರಣ ಮಂಗಳವಾರ, ಇನ್ನೊಂದು ಹಬ್ಬದ ಹಿಂದಿನ ದಿನ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಹಬ್ಬದ ದಿನದ ಮೊಳ ನಾಲ್ಕು ಬೆರಳು ಗಿಡ್ಡ. ಈ ಸಾಕ್ಷ್ಯವನ್ನು ಹೂವಿನವಳಿಗೆ ತೋರಿಸುವ ಧೈರ್ಯ ನನಗಿಲ್ಲ.

ದೊಡ್ಡ ಗಡಿಯಾರದ ವಿಷಯ ಹೇಳಲು ಸ್ವಲ್ಪ ನಾಚಿಕೆ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಎದ್ದ ಆ ಗೋಪುರದ ಕೆಳಗೆ ಐವತ್ತು ವರ್ಷ ಓಡಾಡಿದ್ದೇನೆ. ಬಸ್ಸು ತಪ್ಪಿತೋ ಇಲ್ಲವೋ ಎಂದು ಸಾವಿರ ಸಲ ತಲೆಯೆತ್ತಿದ್ದೇನೆ. ಪಟ ತೆಗೆದು ಮನೆಗೆ ಬಂದು ಬೆರಳಿನಿಂದ ಹಿಗ್ಗಿಸಿದಾಗ ಕಂಡಿತು: ಅದರ ಅಂಕಿಗಳು ಕನ್ನಡದವು. ಅಷ್ಟು ವರ್ಷವೂ ನಾನು ಮುಳ್ಳುಗಳ ಓರೆಯನ್ನಷ್ಟೇ ನೋಡಿದ್ದೆ, ಗಡಿಯಾರವನ್ನಲ್ಲ. ಮಗಳಿಗೆ ಕಳುಹಿಸಿದೆ. "ಗೊತ್ತಿತ್ತಲ್ಲ ಅಪ್ಪ" ಎಂಬ ಉತ್ತರ ಬಂತು.

ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಗಳು ನನ್ನ ಮೊಬೈಲಿಗೆ ದಕ್ಕಲಿಲ್ಲ. ಬೆಳಗ್ಗೆ ಆರೂವರೆಗೆ ಹೋಗಿ, ಉಸಿರು ಹಿಡಿದು ತೆಗೆದ ಹಕ್ಕಿಯನ್ನು ಕಂಡು, "ಕೆರೆಗೆ ಪ್ಲಾಸ್ಟಿಕ್ ಚೀಲ ಎಸೆದವರು ಯಾರು?" ಎಂದು ನನ್ನವಳು ಮರುಗಿದಳು.

ಹಿಂದೆ ಮೂವತ್ತಾರು ಪಟಗಳ ರೋಲನ್ನು ಗೌರಿ ಹಬ್ಬದಲ್ಲಿ ಹಾಕಿದರೆ ಯುಗಾದಿಯವರೆಗೆ ಎಳೆಯುತ್ತಿದ್ದೆವು. ಈಗ ಒಂದು ಬೆಕ್ಕಿಗೇ ಮೂವತ್ತಾರು. ತೆಗೆಯುವುದು ಕ್ಷಣದ ಕೆಲಸ, ಅವುಗಳಲ್ಲಿ ಒಂದನ್ನು ಆರಿಸುವಷ್ಟರಲ್ಲಿ ರಾತ್ರಿಯ ಊಟ ಆರಿಹೋಗುತ್ತದೆ.

ಕೃಷ್ಣಮೂರ್ತಿಪುರಂನ ಒಂದು ಅಡ್ಡರಸ್ತೆಯಲ್ಲಿ ಹೆಂಚಿನ ಮನೆಯೊಂದರ ಜಗಲಿಯ ಪಟ ತೆಗೆಯುತ್ತಿದ್ದಾಗ ಒಳಗಿನಿಂದ ಹಿರಿಯರೊಬ್ಬರು ಬಂದರು. ಎಂಬತ್ತರ ಮೇಲಿರಬೇಕು. "ಸರ್ವೆಯವರೇ?" ಎಂದರು. ಅಲ್ಲವೆಂದೆ. "ರಸ್ತೆ ಅಗಲ ಮಾಡುತ್ತಾರೆಯೇ?" ಅದೂ ಅಲ್ಲವೆಂದೆ. ಸುಮ್ಮನೆ ತೆಗೆಯುತ್ತಿದ್ದೇನೆ ಎಂದರೆ ನಂಬುವ ಮುಖವಲ್ಲ ಅದು. "ಯಾರಾದರೂ ಆಗಿರಿ, ಇದನ್ನು ತೆಗೆದುಕೊಳ್ಳಿ" ಎಂದು ನನ್ನ ತೋಳು ಹಿಡಿದು ಚರಂಡಿಯ ಬಳಿಗೆ ಕರೆದೊಯ್ದರು. ಮೇಲಿನ ಕಲ್ಲುಚಪ್ಪಡಿ ಮುರಿದು, ಮಗುವೊಂದು ಬೀಳುವಷ್ಟು ಬಾಯಿ ತೆರೆದಿತ್ತು. ಅಂದಿನ ಪಟ ಅದೇ ಆಯಿತು.

ಮರುದಿನ ಯಾಕೋ ಕಾಲು ಅತ್ತಲೇ ಹೋಯಿತು. ಚಪ್ಪಡಿ ಹಾಗೆಯೇ ಇತ್ತು. ಮತ್ತೆ ತೆಗೆದೆ. ನಾಲ್ಕನೆಯ ದಿನ ಯಾರೋ ಆ ಬಾಯಿಗೆ ಒಂದು ಹೊಂಗೆಯ ಕೊಂಬೆಯನ್ನು ನೆಟ್ಟು, ಕೆಂಪು ಬಟ್ಟೆಯ ಚೂರು ಕಟ್ಟಿದ್ದರು. ಬೂದು ಕಲ್ಲಿನ ನಡುವೆ ಹಸಿರು, ಅದರ ತುದಿಯಲ್ಲಿ ಕೆಂಪು. ನಿಜ ಹೇಳಬೇಕೆಂದರೆ, ನನ್ನ ಅಷ್ಟು ದಿನಗಳ ಪಟಗಳಲ್ಲಿ ಅದಕ್ಕಿಂತ ಸೊಗಸಾದದ್ದು ಇಲ್ಲ. "ಇದೇನು ಅಪ್ಪ, ಮತ್ತೆ ಚರಂಡಿ?" ಎಂದು ಮಗಳು ಬರೆದಳು. "ಮೈಸೂರಿನದೇ, ಅಂದಿನದು ಅಂದೇ" ಎಂದು ಉತ್ತರಿಸಿದೆ.

ದಿನ ಕಳೆದಂತೆ ಎಲೆ ಬಾಡಿ ಕಂದಾಗುವುದನ್ನು ಸರಣಿಯಾಗಿ ತೆಗೆಯಬಹುದು ಎಂದು ಲೆಕ್ಕ ಹಾಕಿಕೊಂಡಿದ್ದೆ. ಆದರೆ ಎಲೆ ಬಾಡಲೇ ಇಲ್ಲ. ಒಂಬತ್ತನೆಯ ದಿನವೂ ಹಸಿರು. ಚರಂಡಿಯ ನೀರಿನಲ್ಲಿ ಕೊಂಬೆ ಚಿಗುರಿತೋ ಎಂದು ಬಗ್ಗಿ ನೋಡುತ್ತಿದ್ದಾಗ ಹಿರಿಯರು ಗೇಟು ತೆರೆದುಕೊಂಡು ಬಂದರು. ಕೈಯಲ್ಲಿ ಆಗತಾನೆ ಮುರಿದ ಹೊಂಗೆಯ ಕೊಂಬೆ. "ಸ್ವಲ್ಪ ತಡೆಯಿರಿ, ನಿನ್ನೆಯದು ಸಪ್ಪಗಾಗಿದೆ. ನೀವು ಬರುವ ಹೊತ್ತಿಗೆ ಬದಲಾಯಿಸೋಣ ಎಂದುಕೊಂಡಿದ್ದೆ, ಇವತ್ತು ಬೇಗ ಬಂದುಬಿಟ್ಟಿರಿ" ಎಂದು, ಹಳೆಯದನ್ನು ಕಿತ್ತು ಹೊಸದನ್ನು ನೆಟ್ಟು, ಕೆಂಪು ಬಟ್ಟೆಯನ್ನು ನನ್ನ ಕಡೆಗೆ ತಿರುಗಿಸಿ, ಪಟದಲ್ಲಿ ತಾವು ಬೀಳದಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.