ತಿರುಗುವ ನರ್ತಕಿ ನಿಮ್ಮ ಸ್ವಭಾವ ಹೇಳುತ್ತಾಳಾ?

ಕಪ್ಪು ನೆರಳಿನಂಥ ನರ್ತಕಿ ಒಂಟಿಗಾಲಲ್ಲಿ ಗಿರಗಿರ ತಿರುಗುವ ಚಿತ್ರ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅವಳು ಯಾವ ಕಡೆ ತಿರುಗಿದಂತೆ ಕಾಣುತ್ತಾಳೋ ಅದರ ಮೇಲೆ ನೀವು ‘ಎಡಮಿದುಳಿನ’ ಲೆಕ್ಕಾಚಾರದವರೋ ‘ಬಲಮಿದುಳಿನ’ ಕಲಾವಿದರೋ ಗೊತ್ತಾಗುತ್ತದಂತೆ. ಇದು ನಿಜವಲ್ಲ.

ಆ ಚಿತ್ರ ಬರೀ ನೆರಳು. ಎತ್ತಿದ ಕಾಲು ಮುಂದಿದೆಯೋ ಹಿಂದಿದೆಯೋ ಎಂದು ಹೇಳುವ ಗುರುತೇ ಅದರಲ್ಲಿಲ್ಲ. ಹಾಗಾಗಿ ಮಿದುಳು ಒಂದು ದಿಕ್ಕನ್ನು ಊಹಿಸಿಕೊಳ್ಳುತ್ತದೆ, ಅಷ್ಟೇ. ಕೈಯಿಂದ ಮೇಲಿನ ಭಾಗ ಮುಚ್ಚಿ, ನೆಲದ ಮೇಲಿನ ಪಾದವನ್ನಷ್ಟೇ ನೋಡಿ. ಆಚೆ ಕಣ್ಣು ಹಾಯಿಸಿ ಮತ್ತೆ ನೋಡಿ. ಎಷ್ಟೋ ಜನರಿಗೆ ದಿಕ್ಕು ತಟ್ಟನೆ ಬದಲಾಗುತ್ತದೆ. ಅಷ್ಟರಲ್ಲಿ ಸ್ವಭಾವ ಬದಲಾಗಿರುವುದಿಲ್ಲ, ಅಲ್ವಾ?

ಎಡಮಿದುಳು, ಬಲಮಿದುಳು ಎಂಬ ಮಾತಿನಲ್ಲಿ ಚೂರು ಸತ್ಯ ಇರುವುದರಿಂದಲೇ ಜನ ನಂಬುತ್ತಾರೆ. ಬಹುತೇಕರಲ್ಲಿ ಭಾಷೆಯ ಕೆಲಸ ಜಾಸ್ತಿ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಆದರೆ ಎರಡೂ ಭಾಗಗಳನ್ನು ಸುಮಾರು 20 ಕೋಟಿ ನರತಂತುಗಳು ಜೋಡಿಸಿವೆ. ಲೆಕ್ಕ ಮಾಡುವಾಗಲೂ ಹಾಡುವಾಗಲೂ ಎರಡೂ ದುಡಿಯುತ್ತವೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್ ನೋಡಿತು. ಒಟ್ಟಾರೆ ಒಂದೇ ಪಕ್ಕ ಬಲವಾಗಿರುವ ಜನ ಅದರಲ್ಲಿ ಕಾಣಲಿಲ್ಲ.

ಸುಮ್ನೆ ಆಟಕ್ಕೆ ಕಳಿಸಿದರೆ ತೊಂದರೆಯೇನಿಲ್ಲ. ಆದರೆ ಇದನ್ನೇ ಹಿಡಿದು ಮಗುವಿಗೆ ‘ಗಣಿತ ನಿನಗೆ ಹತ್ತಲ್ಲ’ ಅಂದುಬಿಟ್ಟರೆ, ಅದು ಪ್ರಯತ್ನವನ್ನೇ ಬಿಡಬಹುದು. ದಯವಿಟ್ಟು ಹಾಗೆ ಹೇಳಬೇಡಿ.

ಸ್ವಭಾವ ಹೇಳುವ ಯಾವುದೇ ಪರೀಕ್ಷೆ ಬಂದರೂ ನಾಲ್ಕು ದಿನ ಬಿಟ್ಟು ಮತ್ತೆ ಮಾಡಿ ನೋಡಿ. ಉತ್ತರ ಪೂರ್ತಿ ಬದಲಾದರೆ ಅದನ್ನು ನಂಬುವ ಹಾಗಿಲ್ಲ. ಇನ್ನೊಬ್ಬರಿಗೆ ಬಂದ ಫಲಿತಾಂಶವನ್ನು ನಿಮ್ಮದೆಂದು ಓದಿಕೊಳ್ಳಿ. ಅದೂ ನಿಮ್ಮ ಬಗ್ಗೆಯೇ ಬರೆದಂತಿದ್ದರೆ, ಎಲ್ಲರಿಗೂ ಹೊಂದುವ ಮಾತನ್ನೇ ಅಲ್ಲಿ ಬರೆದಿರುತ್ತಾರೆ.