ವಿನ್ಯಾಸ ಪದವಿಯ ಸಾಲ ಮತ್ತು ಕಾಫಿ ಗಿಡದ ಮೊದಲ ಫಸಲು

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿರುವ ನನ್ನ ಅಕ್ಕನ ಮಗಳು ಈ ವರ್ಷ ಪಿಯುಸಿ ಮುಗಿಸಿ, ವಿನ್ಯಾಸ (ಡಿಸೈನ್) ಕಲಿಯುವುದಾಗಿ ಹಟ ಹಿಡಿದಿದ್ದಾಳೆ. "ನಾಲ್ಕು ವರ್ಷಕ್ಕೆ 20 ಲಕ್ಷ ಸುರಿದ ಮೇಲೆ ಇವಳ ಕೈಗೆ ಎಷ್ಟು ಸಂಬಳ ಬರುತ್ತದೆ, ಅದನ್ನು ಮೊದಲು ಹೇಳು" ಎಂದು ಭಾವ ಫೋನಿನಲ್ಲಿ ಕೇಳಿದರು. ಹದಿನಾಲ್ಕು ವರ್ಷಗಳಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದು, ಮುದ್ರಣ ಸಂಸ್ಥೆಯೊಂದರ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ವಿನ್ಯಾಸಕರ ಸಂಬಳದ ಪಟ್ಟಿ ಪ್ರತಿ ತಿಂಗಳೂ ಕಣ್ಣಿಗೆ ಬೀಳುತ್ತದೆ. ಆದರೂ ಭಾವನ ಪ್ರಶ್ನೆಗೆ ಉತ್ತರ ಹುಡುಕಲು ಕುಳಿತಾಗ, ಆ ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕೆಂದು ಅನಿಸಿತು.

ಮೊದಲು ಊರಿನ ಲೆಕ್ಕ. ವರ್ಷಕ್ಕೆ 5 ಲಕ್ಷದಂತೆ ನಾಲ್ಕು ವರ್ಷ ಸಾಲ ಎತ್ತಿದರೆ, ಬಡ್ಡಿ ಶೇ. 10 ಎಂದಿಟ್ಟುಕೊಂಡರೆ, ಓದಿನ ಅವಧಿ ಮತ್ತು ಆಮೇಲೆ ಕಂತಿಗೆ ಸಿಗುವ ಒಂದು ವರ್ಷದ ವಿನಾಯಿತಿ ಮುಗಿಯುವ ಹೊತ್ತಿಗೆ ಸರಳ ಬಡ್ಡಿಯೇ 7 ಲಕ್ಷವಾಗಿ ಸಾಲ 27 ಲಕ್ಷಕ್ಕೆ ನಿಲ್ಲುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 35,700 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೂ 29,000 ರೂಪಾಯಿ. ಹೊಸದಾಗಿ ಕೆಲಸಕ್ಕೆ ಸೇರಿ ತಿಂಗಳಿಗೆ 30,000 ರೂಪಾಯಿ ಪಡೆಯುವ ಹುಡುಗಿ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿ, ಊಟ ಮಾಡಿ, ಈ ಕಂತನ್ನು ಎಲ್ಲಿಂದ ತರಬೇಕು? ಅವಳು ಕಟ್ಟಲಾಗದಿದ್ದರೆ ಪಹಣಿಯಲ್ಲಿ ಹೆಸರಿರುವ ಭಾವ ಕಟ್ಟಬೇಕು. ದೊಡ್ಡ ಸಾಲಕ್ಕೆ ಬ್ಯಾಂಕು ಕೇಳುವುದು ಆಸ್ತಿಯ ಅಡಮಾನವನ್ನು. ಮಗಳ ಕೈಚಳಕವನ್ನು ಯಾವ ಬ್ಯಾಂಕೂ ಅಡವಿಟ್ಟುಕೊಳ್ಳುವುದಿಲ್ಲ.

ಇಂಗ್ಲೆಂಡಿನ ಕ್ರಮ ಬೇರೆ. 2023ರ ಆಗಸ್ಟ್‌ನಿಂದೀಚೆಗೆ ಸರ್ಕಾರದ ಸಾಲ ಪಡೆದು ಪದವಿಗೆ ಸೇರಿದ ಇಲ್ಲಿನ ವಿದ್ಯಾರ್ಥಿ, ಓದು ಮುಗಿದ ಮೇಲೆ ವರ್ಷಕ್ಕೆ 25,000 ಪೌಂಡಿಗಿಂತ ಹೆಚ್ಚಿಗೆ ದುಡಿದ ಭಾಗದ ಮೇಲೆ ಮಾತ್ರ ಶೇ. 9ರಷ್ಟು ಕಟ್ಟುತ್ತಾನೆ. ಸಂಬಳ 27,000 ಪೌಂಡ್ ಇದ್ದರೆ ತಿಂಗಳಿಗೆ 15 ಪೌಂಡ್. ಕೆಲಸವೇ ಇಲ್ಲದಿದ್ದರೆ ಸೊನ್ನೆ. ನಲವತ್ತು ವರ್ಷದ ಮೇಲೆ ಉಳಿದದ್ದು ಮನ್ನಾ. ಅಪ್ಪನ ಜಮೀನಿನ ಸುದ್ದಿಗೆ ಯಾರೂ ಬರುವುದಿಲ್ಲ. (ನಮ್ಮೂರಿನಿಂದ ಇಲ್ಲಿಗೆ ಓದಲು ಬರುವ ಮಕ್ಕಳಿಗೆ ಈ ಸೌಲಭ್ಯವಿಲ್ಲ, ಅವರು ಹೆಚ್ಚಿನ ಶುಲ್ಕವನ್ನು ಕೈಯಿಂದಲೇ ತೆರಬೇಕು ಎಂಬುದನ್ನು ಮರೆಯಬಾರದು.) ಹಾಗೆಂದು ಇದು ಸ್ವರ್ಗವಲ್ಲ. ತೀರದ ಸಾಲದ ಭಾರ ಸರ್ಕಾರದ ಮೇಲೆ ಬೀಳುತ್ತದೆ. ಪದವೀಧರರಲ್ಲಿ ಐವರಲ್ಲಿ ಒಬ್ಬರು ಪದವಿಗೆ ಹೋಗದೇ ಇದ್ದಿದ್ದರೆ ಹಣದ ಮಟ್ಟಿಗೆ ಚೆನ್ನಾಗಿರುತ್ತಿದ್ದರು ಎಂದು 2020ರಲ್ಲಿ ಇಲ್ಲಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಎಂಬ ಸಂಶೋಧನಾ ಸಂಸ್ಥೆ ಅಂದಾಜಿಸಿತ್ತು. ಸೃಜನಶೀಲ ಕಲೆಗಳ ಪದವಿಗಳು ಆ ಪಟ್ಟಿಯ ತಳದಲ್ಲೇ ಇದ್ದವು. ಆದರೆ ಇದು ಗೊತ್ತಾದದ್ದೇ ತೆರಿಗೆ ದಾಖಲೆಗಳಿಂದ. ಪದವಿ ಪಡೆದು ಒಂದು, ಮೂರು, ಐದು ವರ್ಷಗಳಾದ ಮೇಲೆ ಯಾರು ಎಷ್ಟು ದುಡಿಯುತ್ತಿದ್ದಾರೆ ಎಂಬ ಅಂಕಿ ಅಂಶ ಇಲ್ಲಿ ಯಾರಿಗಾದರೂ ಸಿಗುತ್ತದೆ.

ನಮ್ಮಲ್ಲಿ ಸಿಗುವುದು 'ಗರಿಷ್ಠ ಪ್ಯಾಕೇಜ್'. ಭಾವ ಮಗಳನ್ನು ಕರೆದುಕೊಂಡು ಹೋಗಿದ್ದ ಖಾಸಗಿ ಸಂಸ್ಥೆಯೊಂದರಲ್ಲಿ ಆ ಒಂದು ಅಂಕಿಯನ್ನು ಮೂರು ಬಾರಿ ಹೇಳಿದರಂತೆ. ನಡುವಿನ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು ಎಂದು ಕೇಳಿದ್ದಕ್ಕೆ ಕಾಫಿ ತರಿಸಿದರಂತೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಕಲಿತ ಮಧ್ಯಾಂಕ (ಏರಿಕೆಯ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವ ಅಂಕಿ) ಇಲ್ಲಿಯೇ ಉಪಯೋಗಕ್ಕೆ ಬರಬೇಕಾದದ್ದು, ಏಕೆಂದರೆ ಈ ವೃತ್ತಿಯಲ್ಲಿ ಮೇಲಿನ ನಾಲ್ಕು ಜನರ ಸಂಬಳ ಸರಾಸರಿಯನ್ನೇ ಎತ್ತಿಬಿಡುತ್ತದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಸಂಸ್ಥೆಗಳು ಸಲ್ಲಿಸುವ ಮಾಹಿತಿಯಲ್ಲಿ ಉದ್ಯೋಗ ಪಡೆದವರ ಮಧ್ಯಾಂಕ ಸಂಬಳವೂ ಇರುತ್ತದೆ. ಅದೂ ಮೊದಲ ಕೆಲಸದ ಸಂಬಳವೇ. ಐದನೆಯ ವರ್ಷದ ಮಾತು ಅದರಲ್ಲಿಲ್ಲ.

ಮಲೆನಾಡಿನ ಬೆಳೆಗಾರರಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ ಎಂದು ನನ್ನ ನಂಬಿಕೆ. ಕಾಫಿ ಗಿಡ ನೆಟ್ಟ ವರ್ಷವೇ ಫಸಲು ಕೇಳುವವರು ಆಲೂರಿನಲ್ಲೂ ಇಲ್ಲ, ಮೂಡಿಗೆರೆಯಲ್ಲೂ ಇಲ್ಲ. ಮೂರು ನಾಲ್ಕು ವರ್ಷ ಗೊಬ್ಬರ, ಕಳೆ, ಮರಗಸಿ (ನೆರಳಿನ ಮರಗಳ ರೆಂಬೆ ಕಡಿಯುವುದು) ಎಂದು ಖರ್ಚು ಮಾತ್ರ. ಆ ನಡುವೆ ಬಾಳೆಯನ್ನೋ ಶುಂಠಿಯನ್ನೋ ಹಾಕಿ ಮನೆ ನಡೆಸುತ್ತಾರೆ. ವಿನ್ಯಾಸಕನ ಗಳಿಕೆಯೂ ಹೀಗೆಯೇ, ಮಾಡಿದ ಕೆಲಸಗಳ ಸಂಗ್ರಹ ಬೆಳೆದ ಹಾಗೆ ಬೆಳೆಯುವಂಥದ್ದು. ಆದ್ದರಿಂದ ನಾಲ್ಕು ವರ್ಷದ ಖರ್ಚನ್ನು ಜೀವಮಾನದ ಗಳಿಕೆಯೊಡನೆ ತೂಗುವುದಕ್ಕಿಂತ, ಮೊದಲ ಐದು ವರ್ಷದ ಕಂತನ್ನು ಆ ಐದು ವರ್ಷದ ಸಂಬಳದೊಡನೆ ತೂಗುವುದೇ ಸರಿ. ಇಂಗ್ಲೆಂಡಿನ ಸಾಲ ಆ ಬರಗಾಲದಲ್ಲಿ ಕಾಯುತ್ತದೆ, ನಮ್ಮ ಬ್ಯಾಂಕು ಕಾಯುವುದಿಲ್ಲ. ಹೀಗಾಗಿ ಇಂಗ್ಲೆಂಡಿನಲ್ಲಿ ಧೈರ್ಯವಾಗಿ ಮಾಡಬಹುದಾದ ಆಯ್ಕೆ ನಮ್ಮೂರಿನಲ್ಲಿ ಜೂಜಾಗುತ್ತದೆ.

ಇದರಿಂದ ನಾನು ಭಾವನಿಗೆ ಹೇಳಿದ್ದು ಎರಡು ಮಾತು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನು, ಅಡಮಾನ ಎರಡೂ ಇಲ್ಲದೆ ಸಾಲ ಸಿಗುತ್ತದೆ, ಆದರೆ ಸರ್ಕಾರದ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಅವಳಿಗೆ ಅಂಥ ಕಡೆ ಸೀಟು ಸಿಕ್ಕರೆ ಯೋಚಿಸದೆ ಕಳಿಸಿ. ಸಿಗದಿದ್ದರೆ ತೋಟದ ಮೇಲೆ ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಹಿಡಿಯುವ ಬದಲು, ಹಾಸನದಲ್ಲೇ ಎಂಜಿನಿಯರಿಂಗ್ ಓದಿಸಿ, ಆಮೇಲೆ ಸೀಡ್ (ಸಿಇಇಡಿ) ಎಂಬ ವಿನ್ಯಾಸದ ಪ್ರವೇಶ ಪರೀಕ್ಷೆ ಬರೆದು ಮುಂಬಯಿ ಐಐಟಿಯಲ್ಲೋ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೋ ಎರಡು ವರ್ಷದ ಸ್ನಾತಕೋತ್ತರ ವಿನ್ಯಾಸ ಪದವಿಗೆ ಹೋಗುವ ದಾರಿಯಿದೆ.

ಎರಡನೆಯ ಮಾತನ್ನು ಹುಡುಗಿ ಒಪ್ಪಿಲ್ಲ. "ಮಾವ, ಚಿತ್ರ ಬರೆಯುವ ವಯಸ್ಸಿನಲ್ಲಿ ನಾಲ್ಕು ವರ್ಷ ಸರ್ಕ್ಯೂಟ್ ಬರೆಯಲೇ?" ಎಂದು ಕೇಳಿದಳು. ಅವಳ ಆ ನಾಲ್ಕು ವರ್ಷಕ್ಕೆ ಬೆಲೆ ಕಟ್ಟುವ ಅಂಕಣ ನನ್ನ ಲೆಕ್ಕದ ಹಾಳೆಯಲ್ಲಿಲ್ಲ. ಸದ್ಯಕ್ಕೆ ಭಾವ ಆ ಖಾಸಗಿ ಸಂಸ್ಥೆಗೆ, ಮೂರು ವರ್ಷದ ಹಿಂದೆ ಪದವಿ ಮುಗಿಸಿದ ಹತ್ತು ಜನರೊಡನೆ ತಾವೇ ಮಾತಾಡಬೇಕೆಂದು ಪತ್ರ ಬರೆದಿದ್ದಾರೆ.