ಐನ್‌ಮನೆಗಳನ್ನ ಸರ್ಕಾರ ತಗೊಳ್ಳುತ್ತೆ ಅನ್ನೋ ಮೆಸೇಜ್ ಸುಳ್ಳು
ಕೊಡಗು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಲಿ ಇರೋದ್ರಿಂದ ಐನ್‌ಮನೆಗಳನ್ನೆಲ್ಲ (ಕೊಡವ ಮನೆತನಗಳ ಪೂರ್ವಜರ ಮನೆಗಳು) ಸರ್ಕಾರ ತಗೊಂಡು ಟೂರಿಸಂಗೆ ಬಿಡುತ್ತಂತೆ, ಹೆಂಚು ಬದಲಾಯಿಸೋಕೂ ಪರ್ಮಿಷನ್ ಬೇಕಂತೆ ಅಂತ ವಾಟ್ಸಾಪಲ್ಲಿ ಓಡಾಡ್ತಿದೆ, ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ. 2012ರಲ್ಲಿ ಪಶ್ಚಿಮ ಘಟ್ಟದ 39 ಜಾಗ ಆ ಪಟ್ಟಿಗೆ ಸೇರಿದ್ವು, ಅದ್ರಲ್ಲಿ ನಮ್ಮ ಕಡೆಯವು ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳು, ಜೊತೆಗೆ ಪಡಿನಾಲ್ಕುನಾಡು, ಕೆರ್ಟಿ ರಿಸರ್ವ್ ಫಾರೆಸ್ಟ್. ಎಲ್ಲ ಕಾಡೇ, ಊರಿನ ಮನೆಗಳಲ್ಲ! ಐನ್‌ಮನೆ ಒಕ್ಕದ್ದು, ಅಂದ್ರೆ ಇಡೀ ಮನೆತನದ್ದು, ಆ ಪಟ್ಟಿಯಿಂದ ಅದರ ಹಕ್ಕು ಯಾರಿಗೂ ಹೋಗಲ್ಲ.

ಪರ್ಮಿಷನ್ ಮಾತು ಬಂದಿದ್ದು ಬಹುಶಃ ಇನ್ನೊಂದು ಕಾನೂನಿಂದ. ಮಡಿಕೇರಿ ಕೋಟೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ಅಲ್ಲಿ ರಿಪೇರಿಗೂ ಕೇಳ್ಬೇಕು, ಅದು ನಿಜ. ಸೋರ್ತಿರೋ ಐನ್‌ಮನೆ ಇರೋರು ಈ ಮೆಸೇಜಿಗೆ ಹೆದರಿ ಕೆಲಸ ನಿಲ್ಲಿಸ್ಬೇಡಿ, ಮಳೆಗಾಲಕ್ಕೆ ಮುಂಚೆ ಮಾಡಿಸ್ಕೊಳ್ಳಿ.